ಆಟದ ಮೈದಾನದ ಹೊಣೆಗಾರಿಕೆಗಳು: ನಾಯಕತ್ವ ಮತ್ತು ವೃತ್ತಿ ಕೌಶಲಗಳ ಕಲಿಕೆ

1. ಪೀಠಿಕೆ

ಆಟದ ಅವಧಿಯೆಂದರೆ ಆಡುವವರ ಅವಧಿ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ತರಗತಿಯಲ್ಲಿ 36 ಮಕ್ಕಳಿದ್ದರೆ ಚುರುಕಾದ ಹತ್ತು ಹನ್ನೆರಡು ಮಂದಿ ಆಡುತ್ತಾರೆ. ಉಳಿದವರು ಬೇವಿನ ಮರದ ನೆರಳಿನಲ್ಲಿ ಕುಳಿತು ನೋಡುತ್ತಾರೆ. ಆಟ ಬಾರದ ಮಗು, ಮೈಯಲ್ಲಿ ಶಕ್ತಿ ಕಡಿಮೆಯಿರುವ ಮಗು, ಎಲ್ಲರೆದುರು ಬಾಯಿ ತೆರೆಯಲು ಅಳುಕುವ ಮಗು ಆ ನೆರಳಿನಲ್ಲಿಯೇ ವರ್ಷಗಳನ್ನು ಕಳೆಯುತ್ತವೆ. ಆದರೆ ಒಂದು ಕಬಡ್ಡಿ ಪಂದ್ಯ ನಡೆಯಬೇಕಾದರೆ ಆಟಗಾರರಷ್ಟೇ ಸಾಲರು. ಅಂಕಣ ಎಳೆಯುವವರು, ತೀರ್ಪು ನೀಡುವವರು, ಅಂಕ ಬರೆಯುವವರು, ಸಮಯ ನೋಡುವವರು, ಸಾಮಗ್ರಿಗಳ ಲೆಕ್ಕವಿಡುವವರು, ಪ್ರಕಟಣೆ ಮಾಡುವವರು, ಗಾಯವಾದರೆ ಆರೈಕೆ ಮಾಡುವವರು ಎಲ್ಲರೂ ಬೇಕು. ಈ ಕೆಲಸಗಳನ್ನೆಲ್ಲ ಇಂದು ಬಹುಪಾಲು ಶಿಕ್ಷಕರೊಬ್ಬರೇ ಮಾಡುತ್ತಿದ್ದಾರೆ. ಇವುಗಳನ್ನು ಕ್ರಮಬದ್ಧವಾಗಿ ಮಕ್ಕಳ ಕೈಗೆ ಒಪ್ಪಿಸಿದಾಗ ಆಟದ ಅವಧಿಯು ನಾಯಕತ್ವದ ಮತ್ತು ಮುಂದಿನ ಉದ್ಯೋಗ ಜೀವನದ ಪಾಠಶಾಲೆಯಾಗುತ್ತದೆ. ಅದನ್ನು ಹೇಗೆ ಮಾಡಬಹುದು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಈ ಪಾಠವು ವಿವರಿಸುತ್ತದೆ.

2. ಕಲಿಕೆಯ ಉದ್ದೇಶಗಳು

ಈ ಪಾಠವನ್ನು ಅಭ್ಯಸಿಸಿದ ಬಳಿಕ ಶಿಕ್ಷಕರು
(ಅ) ಆಟದ ಅವಧಿಯಲ್ಲಿ ಅಡಗಿರುವ ಹೊಣೆಗಾರಿಕೆಗಳನ್ನು ಗುರುತಿಸಿ, ಎಲ್ಲ ಮಕ್ಕಳಿಗೂ ಸರದಿಯಂತೆ ಹಂಚಬಲ್ಲರು;
(ಆ) ಈ ಹೊಣೆಗಳನ್ನು ಗಣಿತ, ಭಾಷೆ ಮತ್ತು ಆರೋಗ್ಯ ಶಿಕ್ಷಣದೊಡನೆ ಜೋಡಿಸಬಲ್ಲರು;
(ಇ) ಮಕ್ಕಳ ನಾಯಕತ್ವ ಗುಣವನ್ನು ನಡವಳಿಕೆಯ ಆಧಾರದ ಮೇಲೆ ಅಳೆಯಬಲ್ಲರು;
(ಈ) ಹೊಣೆಗಾರಿಕೆಗೂ ದುಡಿಮೆಗೂ ಇರುವ ಗೆರೆಯನ್ನು ಕಾಯ್ದುಕೊಳ್ಳಬಲ್ಲರು.

3. ಹಿನ್ನೆಲೆ

ವಿದ್ಯಾರ್ಥಿಗಳೇ ಆಟಗಳ ವ್ಯವಸ್ಥೆಯನ್ನು ನಡೆಸುವ ಪದ್ಧತಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. ಅಲ್ಲಿನ ಮಿಷಿಗನ್ ಮತ್ತು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳು 1913ರಲ್ಲಿ, ಹೊರಗಿನ ಸಂಸ್ಥೆಗಳೊಡನೆ ಸ್ಪರ್ಧಿಸುವ ತಂಡಗಳನ್ನು ಬಿಟ್ಟು, ತಮ್ಮ ಆವರಣದೊಳಗೇ ಎಲ್ಲ ವಿದ್ಯಾರ್ಥಿಗಳೂ ಆಡುವ ಪಂದ್ಯಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿದವು. 1950ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಡಿಲ್ಲಾರ್ಡ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಅಮೆರಿಕನ್ನರ 11 ಕಾಲೇಜುಗಳ ಪ್ರತಿನಿಧಿಗಳು ಸೇರಿ ಇಂತಹ ಆಟಗಳಿಗಾಗಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಇಂದು ಅಲ್ಲಿನ ಕ್ರೀಡಾ ಕೇಂದ್ರಗಳಲ್ಲಿ ರೆಫರಿ, ಈಜುಕೊಳದ ಕಾವಲುಗಾರ, ಸಾಮಗ್ರಿ ವಿತರಕ, ಕಟ್ಟಡದ ಮೇಲ್ವಿಚಾರಕ ಮುಂತಾದ ಕೆಲಸಗಳನ್ನು ವಿದ್ಯಾರ್ಥಿಗಳೇ ಸಂಬಳ ಪಡೆದು ಮಾಡುತ್ತಾರೆ. ಇಪ್ಪತ್ತು ವರ್ಷದ ರೆಫರಿಯೊಬ್ಬನು ತನ್ನದೇ ವಯಸ್ಸಿನ, ಕೆರಳಿದ ಇಪ್ಪತ್ತು ಮಂದಿಯ ಮುಂದೆ ನಿಂತು ತೀರ್ಪು ನೀಡಿ, ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ಯಾವ ಕಚೇರಿಯ ಕೆಲಸಕ್ಕೂ ಬೇಕಾಗುವ ತಾಳ್ಮೆ, ಸ್ಪಷ್ಟ ಮಾತು ಮತ್ತು ನಿರ್ಧಾರ ಶಕ್ತಿ ಅಲ್ಲಿ ರೂಢಿಯಾಗುತ್ತವೆ.

ನಮ್ಮಲ್ಲಿಯೂ ಈ ವಿಚಾರ ಹೊಸದಲ್ಲ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು, ಆಟವನ್ನು ನಡೆಸುವವರನ್ನು ತರಬೇತುಗೊಳಿಸುವ ಪರಂಪರೆಗೆ ದಕ್ಷಿಣ ಭಾರತದಲ್ಲಿ ತಳಹದಿ ಹಾಕಿತು. ಕನ್ನಡ ನಾಡಿನ ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಹುಟ್ಟುಹಾಕಿದ ಹಿಂದೂಸ್ತಾನಿ ಸೇವಾದಳವು ಕವಾಯತು, ವ್ಯಾಯಾಮ ಮತ್ತು ಸೇವೆಗಳನ್ನು ಒಂದಾಗಿ ಬೆಸೆದು ತರುಣರಿಗೆ ಶಿಸ್ತನ್ನು ಕಲಿಸಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಶಿಸ್ತು ಎದ್ದು ಕಂಡಿತು. ಸ್ಕೌಟ್ ಚಳವಳಿಯಲ್ಲಿ ಆರೆಂಟು ಮಕ್ಕಳ ಪುಟ್ಟ ದಳಕ್ಕೆ ಅವರಲ್ಲಿಯೇ ಒಬ್ಬನು ನಾಯಕನಾಗಿರುತ್ತಾನೆ. 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ಇದೇ ದಾರಿಯದು. ಇವೆಲ್ಲವುಗಳ ಸಾರ ಒಂದೇ: ಹೊಣೆಯನ್ನು ಹೊತ್ತೇ ಹೊಣೆಗಾರಿಕೆಯನ್ನು ಕಲಿಯಬೇಕು, ಉಪದೇಶದಿಂದ ಅದು ಬಾರದು.

4. ನಮ್ಮ ಪರಿಸರದಲ್ಲಿ ಇದರ ಅಗತ್ಯ

ಮೆಟ್ಟೂರು, ಕೊಳತ್ತೂರು, ಪೆನ್ನಾಗರ ಭಾಗಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಪಾಲಾರ್ ಹೊಳೆಯನ್ನು ದಾಟಿದರೆ ಮಲೆ ಮಹದೇಶ್ವರ ಬೆಟ್ಟದ ದಾರಿ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಅಂದಿನ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು; ಮೆಟ್ಟೂರು, ಧರ್ಮಪುರಿ, ಹೊಸೂರುಗಳು ಇತ್ತಲೇ ಉಳಿದವು. ಆಡಳಿತದ ಗೆರೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಹೀಗಾಗಿ ನಮ್ಮ ವಿದ್ಯಾರ್ಥಿಯು ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತಮಿಳು, ಅರ್ಜಿ ನಮೂನೆಗಳಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ನಿತ್ಯ ಓಡಾಡುತ್ತಾನೆ. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಶಾಲೆಯಲ್ಲಿಯೂ ತಮಿಳನ್ನು ಕಲಿಯುತ್ತಾನೆ.

ಭಾಷೆಗಳು ಬರುವುದು ಒಂದು. ಅಪರಿಚಿತರೆದುರು ಅವುಗಳಲ್ಲಿ ಧೈರ್ಯವಾಗಿ ಮಾತನಾಡುವುದು ಇನ್ನೊಂದು. ಅಲ್ಪಸಂಖ್ಯಾತ ಭಾಷೆಯ ಮಾಧ್ಯಮದಲ್ಲಿ ಓದಿದ ಮಗು ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿ ಸೇಲಂ, ಹೊಸೂರು, ಬೆಂಗಳೂರುಗಳ ಕಡೆಗೆ ಹೋದಾಗ ಹಿಂಜರಿಯುವುದು ಬಹುತೇಕ ಈ ಎರಡನೆಯ ಸಂದರ್ಭದಲ್ಲಿ. ವಿಷಯ ತಿಳಿದಿದ್ದರೂ 'ನಾನು ಮಾಡಬಲ್ಲೆ' ಎಂದು ಹೇಳಲು ನಾಲಿಗೆ ತಡವರಿಸುತ್ತದೆ. ಪರೀಕ್ಷೆಯ ಅಂಕಗಳು ಈ ಅಳುಕನ್ನು ತೊಡೆದುಹಾಕುವುದಿಲ್ಲ. ತಾನು ಹೇಳಿದ ಮಾತಿಗೆ ಹತ್ತು ಜನ ಕಿವಿಗೊಟ್ಟ ಅನುಭವ ಮಾತ್ರ ಅದನ್ನು ತೊಡೆಯಬಲ್ಲುದು. ಆ ಅನುಭವವನ್ನು ಖರ್ಚಿಲ್ಲದೆ, ಎಲ್ಲ ಮಕ್ಕಳಿಗೂ ಒದಗಿಸಬಲ್ಲ ಸ್ಥಳ ಆಟದ ಮೈದಾನ.

5. ಒಂದು ಮಾದರಿ: ಆರು ತಂಡಗಳ ಕಬಡ್ಡಿ ಲೀಗ್

36 ಮಕ್ಕಳ ಒಂದು ತರಗತಿಯನ್ನು ತಲಾ ಆರು ಮಂದಿಯ ಆರು ತಂಡಗಳನ್ನಾಗಿ ಮಾಡಿ. ಪ್ರತಿ ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಒಮ್ಮೆ ಆಡಲಿ. ಒಟ್ಟು ಪಂದ್ಯಗಳು 6 × 5 ÷ 2 = 15. ವಾರಕ್ಕೆ ಎರಡು ಅವಧಿಗಳಂತೆ, ಅವಧಿಗೆ ಒಂದು ಪಂದ್ಯ ನಡೆಸಿದರೆ ಎಂಟು ವಾರಗಳಲ್ಲಿ ಲೀಗ್ ಮುಗಿಯುತ್ತದೆ. ಕಬಡ್ಡಿಯಲ್ಲಿ ಒಂದು ಕಡೆಗೆ ಏಳು ಆಟಗಾರರು ಇರುವುದು ನಿಯಮ. ಇಲ್ಲಿ ಎಲ್ಲರಿಗೂ ಅವಕಾಶ ಸಿಗಲೆಂದು ಆರಕ್ಕೆ ಇಳಿಸಿದೆ. ಆಟದ ಸಮಯವನ್ನೂ 10 ನಿಮಿಷ, 3 ನಿಮಿಷ ವಿರಾಮ, ಮತ್ತೆ 10 ನಿಮಿಷ ಎಂದು ಮೊಟಕುಗೊಳಿಸಬಹುದು. 40 ನಿಮಿಷದ ಅವಧಿಯಲ್ಲಿ ಸಿದ್ಧತೆಗೂ ಕೊನೆಯ ಚರ್ಚೆಗೂ ಆಗ ಸಮಯ ಉಳಿಯುತ್ತದೆ.

ಕಬಡ್ಡಿ ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಒಬ್ಬ ಅಂಕಲೇಖಕ, ಇಬ್ಬರು ಸಹಾಯಕ ಅಂಕಲೇಖಕರು ಬೇಕು. ಒಟ್ಟು ಆರು ಸ್ಥಾನಗಳು. ನಮ್ಮ ತಂಡದಲ್ಲಿಯೂ ಆರು ಮಂದಿ. ಆದುದರಿಂದ ಒಂದು ದಿನದ ಹಂಚಿಕೆ ಹೀಗಿರಲಿ:

ಮೊದಲ ಎರಡು ತಂಡಗಳು: ಆಟ.
ಮೂರನೆಯ ತಂಡ: ಪಂದ್ಯದ ಆರು ಅಧಿಕಾರಿಗಳ ಸ್ಥಾನ.
ನಾಲ್ಕನೆಯ ತಂಡ: ಇಬ್ಬರು ಅಂಕಣ ಸಿದ್ಧತೆ, ಇಬ್ಬರು ಸಾಮಗ್ರಿ ಲೆಕ್ಕ, ಇಬ್ಬರು ಪ್ರಥಮ ಚಿಕಿತ್ಸೆ.
ಐದನೆಯ ತಂಡ: ಪ್ರಕಟಣೆ, ವರದಿ, ಕುಡಿಯುವ ನೀರಿನ ವ್ಯವಸ್ಥೆ.
ಆರನೆಯ ತಂಡ: ಮೈದಾನದ ಇನ್ನೊಂದು ಬದಿಯಲ್ಲಿ ಅಭ್ಯಾಸ.

15 ಪಂದ್ಯಗಳಿಗೆ ಅಧಿಕಾರಿಗಳ ಸರದಿ 15 × 6 = 90. ಅಂದರೆ ಪ್ರತಿ ಮಗುವಿಗೂ ಎರಡು ಅಥವಾ ಮೂರು ಬಾರಿ ತೀರ್ಪು ನೀಡುವ ಇಲ್ಲವೆ ಅಂಕ ಬರೆಯುವ ಹೊಣೆ ಬಂದೇ ಬರುತ್ತದೆ. ಚೆನ್ನಾಗಿ ಆಡುವವನು, ಆಡಲಾರದವನು ಎಂಬ ಭೇದ ಇಲ್ಲಿ ಉಳಿಯುವುದಿಲ್ಲ.

ಪಂದ್ಯಗಳ ಪಟ್ಟಿಯನ್ನು ಶಿಕ್ಷಕರು ಬರೆದುಕೊಡಬಾರದು. ವಿಧಾನವನ್ನು ಮಾತ್ರ ತೋರಿಸಬೇಕು. ಮೇಲಿನ ಸಾಲಿನಲ್ಲಿ 1, 2, 3 ಎಂದೂ ಕೆಳಗಿನ ಸಾಲಿನಲ್ಲಿ 6, 5, 4 ಎಂದೂ ಬರೆದರೆ ಮೊದಲ ಸುತ್ತು 1-6, 2-5, 3-4 ಆಗುತ್ತದೆ. 1ನ್ನು ಅಲ್ಲಿಯೇ ಇಟ್ಟು ಉಳಿದ ಸಂಖ್ಯೆಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಸ್ಥಾನ ಸರಿಸಿದರೆ ಎರಡನೆಯ ಸುತ್ತು 1-5, 6-4, 2-3. ಹೀಗೆ ಐದು ಸುತ್ತುಗಳನ್ನು ಮಕ್ಕಳೇ ಪೂರೈಸಲಿ. ಯಾವ ಜೋಡಿಯೂ ಎರಡು ಬಾರಿ ಬಂದಿಲ್ಲವೆಂದು ಅವರೇ ಪರೀಕ್ಷಿಸಲಿ. ಮುಂದೆ ಕಾರ್ಖಾನೆಯಲ್ಲಿ ಪಾಳಿಯ ಪಟ್ಟಿ ಮಾಡುವವನಿಗೂ, ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವಳಿಗೂ ಬೇಕಾಗುವ ಯೋಚನಾಕ್ರಮ ಇದೇ.

6. ಪ್ರತಿಯೊಂದು ಹೊಣೆಯಲ್ಲಿರುವ ಕಲಿಕೆ

ಅಂಕಣ ಸಿದ್ಧತೆ: ಜೂನಿಯರ್ ಬಾಲಕಿಯರ ವಿಭಾಗದ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಮೂಲೆಗಳು ಲಂಬಕೋನವಾಗಿವೆಯೇ ಎಂದು ಕಣ್ಣಳತೆಯಿಂದ ಹೇಳಲಾಗದು. ಹಗ್ಗದಲ್ಲಿ 3, 4, 5 ಮೀಟರ್‌ಗಳ ತ್ರಿಕೋನ ಮಾಡಿ ಮೂಲೆಯನ್ನು ಗುರುತಿಸಬೇಕು; ಬಳಿಕ ಎರಡು ಕರ್ಣಗಳನ್ನೂ ಅಳೆಯಬೇಕು. 12ರ ವರ್ಗ 144, 8ರ ವರ್ಗ 64, ಮೊತ್ತ 208, ವರ್ಗಮೂಲ ಸುಮಾರು 14.42. ಎರಡು ಕರ್ಣಗಳೂ 14 ಮೀಟರ್ 42 ಸೆಂಟಿಮೀಟರ್ ಬಂದರೆ ಅಂಕಣ ಸರಿ. ಪೈಥಾಗೊರಸನ ಪ್ರಮೇಯವನ್ನು ಸುಣ್ಣದ ಪುಡಿಯಲ್ಲಿ ಬರೆದ ಮಗು ಅದನ್ನು ಮರೆಯುವುದಿಲ್ಲ. ಮನೆಯ ಪಾಯ ಹಾಕುವ ಮೇಸ್ತ್ರಿಯೂ ಇದೇ ಲೆಕ್ಕವನ್ನು ಬಳಸುತ್ತಾನೆ ಎಂಬುದನ್ನು ಶಿಕ್ಷಕರು ತಿಳಿಸಬೇಕು.

ಸಾಮಗ್ರಿ ಲೆಕ್ಕ: ಚೆಂಡು, ಹಗ್ಗ, ಸೀಟಿ, ಅಳತೆಪಟ್ಟಿ ಇವುಗಳಿಗೆ ಒಂದು ದಾಖಲೆ ಪುಸ್ತಕವಿರಲಿ. ಕೊಟ್ಟ ಸಮಯ, ಪಡೆದವರ ಹೆಸರು, ಹಿಂತಿರುಗಿದ ಸಮಯ, ವಸ್ತುವಿನ ಸ್ಥಿತಿ ಎಂಬ ನಾಲ್ಕು ಅಂಕಣಗಳು ಸಾಕು. ದಿನನಿತ್ಯದ ದಾಖಲೆಯ ಬೆಲೆಯನ್ನು ಮೆಟ್ಟೂರಿನ ಮಕ್ಕಳಿಗೆ ಬೇರೆ ಉದಾಹರಣೆಯಿಂದ ಹೇಳಬೇಕಾಗಿಲ್ಲ. 1925ರಿಂದ 1934ರವರೆಗೆ ಕಟ್ಟಲ್ಪಟ್ಟ ಮೆಟ್ಟೂರು ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ; ಸ್ಟ್ಯಾನ್ಲಿ ಜಲಾಶಯದ ಸಂಗ್ರಹ ಸಾಮರ್ಥ್ಯ 93.47 ಟಿಎಂಸಿ. ಪ್ರತಿದಿನ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಬರೆದಿಡುತ್ತಾರೆ. ಜೂನ್ 12ರಂದು ಮುಖಜಭೂಮಿಯ ವ್ಯವಸಾಯಕ್ಕೆ ನೀರು ಬಿಡಬಹುದೇ ಎಂಬ ನಿರ್ಧಾರವು ಆ ದಾಖಲೆಗಳ ಮೇಲೆ ನಿಂತಿದೆ. ಒಂದು ದಿನ ಬರೆಯದೆ ಬಿಟ್ಟು ಮರುದಿನ ಊಹಿಸಿ ಬರೆದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿ. ನಂತರ ಅವರ ಸಾಮಗ್ರಿ ಪುಸ್ತಕವನ್ನು ತೆರೆಯಿರಿ.

ಪ್ರಕಟಣೆ ಮತ್ತು ವರದಿ: ಪ್ರಕಟಣೆಯು ಮೊದಲು ಕನ್ನಡದಲ್ಲಿ, ಬಳಿಕ ತಮಿಳಿನಲ್ಲಿ ಇರಲಿ. ವರದಿಯನ್ನು ಕನ್ನಡದಲ್ಲಿ ಎಂಟು ಹತ್ತು ವಾಕ್ಯಗಳಲ್ಲಿ ಬರೆದು ಸೂಚನಾ ಫಲಕದಲ್ಲಿ ಹಾಕಲಿ. ಅಂಕಿ ಅಂಶ, ಪಂದ್ಯದ ತಿರುವು, ವಿವಾದವಾಗಿದ್ದರೆ ಅದು ಬಗೆಹರಿದ ರೀತಿ ಇಷ್ಟಿದ್ದರೆ ಸಾಕು. ಎರಡು ಭಾಷೆಗಳಲ್ಲಿ ಆಟದ ಹೆಸರುಗಳನ್ನು ಸಂಗ್ರಹಿಸುವುದೂ ಸೊಗಸಾದ ಚಟುವಟಿಕೆ. ಕಬಡ್ಡಿಯನ್ನು ತಮಿಳಿನ ಹಿರಿಯರು ಸಡುಗುಡು ಎನ್ನುತ್ತಾರೆ. ನಮ್ಮ ಕುಂಟೆಬಿಲ್ಲೆ ಅವರಿಗೆ ಪಾಂಡಿ. ನಮ್ಮ ಚಿನ್ನಿದಾಂಡು ಅವರಿಗೆ ಕಿಟ್ಟಿಪುಳ್. ನಮ್ಮ ಅಳಗುಳಿಮಣೆ ಅವರಿಗೆ ಪಲ್ಲಾಂಗುಳಿ. ಒಂದೇ ಆಟಕ್ಕೆ ಎರಡು ಹೆಸರು ಬಲ್ಲವನು ಎರಡು ಮನೆಗಳಿಗೆ ಸೇರಿದವನು ಎಂಬ ಹೆಮ್ಮೆ ಮಕ್ಕಳಲ್ಲಿ ಮೂಡಲಿ. ಎರಡು ಭಾಷೆಗಳಲ್ಲಿ ತಡವರಿಸದೆ ಜನರನ್ನು ಉದ್ದೇಶಿಸಿ ಮಾತನಾಡಬಲ್ಲವರಿಗೆ ಗಡಿನಾಡಿನ ಆಸ್ಪತ್ರೆ, ಬ್ಯಾಂಕು, ಸಾರಿಗೆ, ಪ್ರವಾಸ ಕ್ಷೇತ್ರಗಳಲ್ಲಿ ಸದಾ ಬೇಡಿಕೆಯಿದೆ.

ಪ್ರಥಮ ಚಿಕಿತ್ಸೆ: ತರಚುಗಾಯವನ್ನು ಶುದ್ಧ ನೀರಿನಿಂದಲೂ ಸಾಬೂನಿನಿಂದಲೂ ತೊಳೆಯುವುದು, ಉಳುಕಿದ ಕಾಲಿಗೆ ವಿಶ್ರಾಂತಿ ಕೊಟ್ಟು, ತಣ್ಣನೆಯ ಬಟ್ಟೆ ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಎತ್ತರದಲ್ಲಿರಿಸುವುದು, ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಒರಗಿಸದೆ ಮುಂದಕ್ಕೆ ಬಾಗಿಸಿ ಮೂಗಿನ ಮೃದುಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯುವುದು ಇಷ್ಟನ್ನು ಎಲ್ಲ ಮಕ್ಕಳೂ ಕಲಿಯಬಲ್ಲರು. ಮೂಳೆ ಮುರಿದ ಶಂಕೆಯಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಪ್ರಜ್ಞೆ ತಪ್ಪಿದ್ದರೆ ಮಕ್ಕಳು ಮಾಡಬೇಕಾದ ಕೆಲಸ ಒಂದೇ: ತಕ್ಷಣ ಶಿಕ್ಷಕರನ್ನು ಕರೆಯುವುದು. 108ಕ್ಕೆ ಕರೆ ಮಾಡಿ ಸ್ಥಳದ ಗುರುತು, ಗಾಯದ ಸ್ವರೂಪ, ವಯಸ್ಸುಗಳನ್ನು ತಮಿಳಿನಲ್ಲಿ ಸ್ಪಷ್ಟವಾಗಿ ಹೇಳುವುದನ್ನು ಅಭಿನಯದ ಮೂಲಕ ಅಭ್ಯಾಸ ಮಾಡಿಸಿ.

7. ತೀರ್ಪಿನ ಅಧಿಕಾರ: ಶಿಕ್ಷಕರ ನಿಜವಾದ ಪರೀಕ್ಷೆ

ಈ ವ್ಯವಸ್ಥೆಯ ಜೀವಾಳ ಇಲ್ಲಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ರೆಫರಿಯಾಗಿದ್ದಾಳೆಂದು ಭಾವಿಸೋಣ. ಮನೆಯಲ್ಲಿ ಕನ್ನಡ; ತಂದೆ ಜಲಾಶಯದಲ್ಲಿ ಹರಿಗೋಲಿನ ಮೇಲೆ ಮೀನು ಹಿಡಿಯುವವರು; ತರಗತಿಯಲ್ಲಿ ಅವಳ ದನಿ ಕೇಳಿದವರು ಕಡಿಮೆ. ದಾಳಿಗನು ಗೆರೆ ಮುಟ್ಟುವ ಮೊದಲೇ ಉಸಿರು ಬಿಟ್ಟನೆಂದು ಅವಳು ಸೀಟಿ ಊದುತ್ತಾಳೆ. ಆ ತಂಡ ಕೂಗಾಡುತ್ತದೆ. ತರಗತಿಯ ಬಲಿಷ್ಠ ಹುಡುಗನು ನೇರವಾಗಿ ಶಿಕ್ಷಕರ ಬಳಿಗೆ ಬಂದು ದೂರುತ್ತಾನೆ. ಶಿಕ್ಷಕರಿಗೂ ಅವಳ ತೀರ್ಪು ತಪ್ಪೆಂದೇ ತೋರುತ್ತದೆ. ಆಗ ಏನು ಮಾಡಬೇಕು?

ಶಿಕ್ಷಕರು ಮೈದಾನದೊಳಗೆ ಹೋಗಿ ತೀರ್ಪನ್ನು ಬದಲಿಸಿದರೆ ಆ ಪಂದ್ಯದಲ್ಲಿ ನ್ಯಾಯ ದೊರೆಯಬಹುದು. ಆದರೆ ಅಂದಿನಿಂದ ರೆಫರಿಯ ಸ್ಥಾನ ಹೆಸರಿಗೆ ಮಾತ್ರ ಉಳಿಯುತ್ತದೆ. ಮುಂದಿನ ಪ್ರತಿಯೊಂದು ದೂರೂ ಶಿಕ್ಷಕರ ಬಳಿಗೇ ಬರುತ್ತದೆ. ಆ ಹುಡುಗಿ ಮತ್ತೊಮ್ಮೆ ಸೀಟಿ ಊದುವ ಮೊದಲು ಶಿಕ್ಷಕರ ಮುಖ ನೋಡುತ್ತಾಳೆ. ಆದುದರಿಂದ ಲೀಗ್ ಆರಂಭವಾಗುವ ಮುನ್ನವೇ ಮೂರು ನಿಯಮಗಳನ್ನು ಎಲ್ಲರ ಒಪ್ಪಿಗೆಯಿಂದ ಬರೆದು ಹಾಕಬೇಕು:

(1) ಆಟ ನಡೆಯುತ್ತಿರುವಾಗ ರೆಫರಿಯ ತೀರ್ಪೇ ಕೊನೆಯದು. ನಾಯಕನೊಬ್ಬನೇ ವಿವರಣೆ ಕೇಳಬಹುದು. ರೆಫರಿ ಒಂದೇ ವಾಕ್ಯದಲ್ಲಿ ಕಾರಣ ಹೇಳಬೇಕು.
(2) ಆಕ್ಷೇಪಗಳನ್ನು ಕೊನೆಯ ಹತ್ತು ನಿಮಿಷದ ಚರ್ಚೆಯಲ್ಲಿ ಮಂಡಿಸಬೇಕು. ಅಂದಿನ ಫಲಿತಾಂಶ ಬದಲಾಗದು. ಮುಂದಿನ ಪಂದ್ಯಗಳಿಗೆ ನಿಯಮ ಸ್ಪಷ್ಟವಾಗುತ್ತದೆ.
(3) ಯಾರಿಗಾದರೂ ಅಪಾಯವಾಗುವಂತಿದ್ದರೆ ಮಾತ್ರ ಶಿಕ್ಷಕರು ಆಟವನ್ನು ನಿಲ್ಲಿಸುತ್ತಾರೆ.

ಚರ್ಚೆಯಲ್ಲಿ ಶಿಕ್ಷಕರು 'ನೀನು ತಪ್ಪು ಮಾಡಿದೆ' ಎನ್ನದೆ, 'ನೀನು ಎಲ್ಲಿ ನಿಂತಿದ್ದೆ? ಅಲ್ಲಿಂದ ಏನು ಕಂಡಿತು? ಮುಂದಿನ ಬಾರಿ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ?' ಎಂದು ಕೇಳಬೇಕು. ತಪ್ಪು ತೀರ್ಪನ್ನು ಒಪ್ಪಿ ಆಟ ಮುಂದುವರಿಸಿದ ತಂಡವನ್ನೂ ಹೊಗಳಬೇಕು. ನಾಯಕತ್ವ ಎಂಬುದು ಆಜ್ಞೆ ಮಾಡುವ ಗುಣವಷ್ಟೇ ಅಲ್ಲ. ಇನ್ನೊಬ್ಬರಿಗೆ ಒಪ್ಪಿಸಿದ ಅಧಿಕಾರವನ್ನು ಗೌರವಿಸುವುದೂ ಅದರಲ್ಲಿ ಸೇರಿದೆ. ಅದನ್ನು ಮೊದಲು ಮಾಡಿ ತೋರಿಸಬೇಕಾದವರು ಶಿಕ್ಷಕರೇ.

8. ಹಂಚಿಕೆಯಲ್ಲಿ ನ್ಯಾಯ

ಹೊಣೆಗಳನ್ನು ಹಂಚುವಾಗ ಸಮಾಜದ ಹಳೆಯ ರೂಢಿಗಳು ಸದ್ದಿಲ್ಲದೆ ನುಸುಳುತ್ತವೆ. ಸೀಟಿ ಹುಡುಗರ ಕೈಗೆ, ನೀರಿನ ಕೊಡ ಹುಡುಗಿಯರ ಕೈಗೆ. ಪ್ರಕಟಣೆ ಉಳ್ಳವರ ಮಕ್ಕಳಿಗೆ, ಕಸ ಗುಡಿಸುವುದು ಬಡವರ ಮಕ್ಕಳಿಗೆ. ಯಾರೂ ಬೇಕೆಂದು ಹೀಗೆ ಮಾಡುವುದಿಲ್ಲ. ಆದರೆ 'ಅವನು ಚೆನ್ನಾಗಿ ಮಾಡುತ್ತಾನೆ' ಎಂಬ ನೆಪದಲ್ಲಿ ಹೀಗೇ ಆಗಿಬಿಡುತ್ತದೆ. ನೀರು ಕೊಡುವ, ನೆಲ ಗುಡಿಸುವ ಕೆಲಸಗಳು ಜಾತಿಯನ್ನೋ ಲಿಂಗವನ್ನೋ ನೋಡಿ ಒಬ್ಬರಿಗೇ ಅಂಟಿಕೊಂಡರೆ ಅದು ಶಿಕ್ಷಣವೂ ಅಲ್ಲ, ಕಾನೂನಿಗೆ ಸಮ್ಮತವೂ ಅಲ್ಲ. ಇದಕ್ಕೆ ಪರಿಹಾರ ಸರಳ: ಸರದಿಯ ಪಟ್ಟಿಯನ್ನು ಗೋಡೆಯ ಮೇಲೆ ಹಾಕುವುದು. ಯಾರು ಯಾವ ಕೆಲಸವನ್ನು ಎಷ್ಟು ಬಾರಿ ಮಾಡಿದರೆಂಬುದು ಎಲ್ಲರಿಗೂ ಕಾಣುತ್ತಿರಲಿ. ತಿಂಗಳಿಗೊಮ್ಮೆ ಶಿಕ್ಷಕರು ಆ ಪಟ್ಟಿಯನ್ನು ಹುಡುಗರು ಹುಡುಗಿಯರೆಂದು ವಿಂಗಡಿಸಿ ಎಣಿಸಿ ನೋಡಲಿ.

ಎರಡನೆಯ ಎಚ್ಚರಿಕೆ ದುಡಿಮೆಗೆ ಸಂಬಂಧಿಸಿದ್ದು. ಅಮೆರಿಕದ ಕಾಲೇಜು ವಿದ್ಯಾರ್ಥಿಗೆ ಸಂಬಳ ಸಿಗುತ್ತದೆ, ಅವನು ವಯಸ್ಕ. ನಮ್ಮ ಶಾಲೆಯ ಮಗು ವಯಸ್ಕನಲ್ಲ. 1986ರ ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯು, ಕೆಲವು ನಿರ್ದಿಷ್ಟ ವಿನಾಯಿತಿಗಳನ್ನು ಬಿಟ್ಟು, 14 ವರ್ಷ ತುಂಬದವರನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಿದೆ. ಆದುದರಿಂದ ಮೈದಾನದ ಹೊಣೆ ಆಟದ ಅವಧಿಯ ಒಳಗೇ ಇರಬೇಕು. ಬೇರೆ ಪಾಠದ ಸಮಯವನ್ನು ಕಬಳಿಸಬಾರದು. ಭಾರ ಹೊರಿಸುವ ಕೆಲಸವಾಗಬಾರದು. ಒಂದು ಕೆಲಸವನ್ನು ಮಗುವಿಗೆ ಕೊಡುವ ಮುನ್ನ 'ಇದರಿಂದ ಮಗು ಏನು ಕಲಿಯುತ್ತದೆ?' ಎಂದು ಕೇಳಿಕೊಳ್ಳಿ. ಉತ್ತರ ದೊರೆಯದಿದ್ದರೆ ಆ ಕೆಲಸವನ್ನು ಕೊಡಬೇಡಿ.

ಮೂರನೆಯದು ನೀರು. ಹೊರದೇಶದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಈಜುಕೊಳದ ಕಾವಲು ಕಾಯುತ್ತಾರೆ. ಅದಕ್ಕೆ ಪ್ರತ್ಯೇಕ ತರಬೇತಿಯೂ ಪ್ರಮಾಣಪತ್ರವೂ ಉಂಟು. ಕಾವೇರಿಯ ದಡದ ನಮ್ಮ ಮಕ್ಕಳಿಗೆ ಇಂತಹ ಹೊಣೆಯನ್ನು ಎಂದೂ ಒಪ್ಪಿಸಬಾರದು. ಆಡಿ 18ರ ದಿನ ಮೆಟ್ಟೂರಿಗೆ ಸಾವಿರಾರು ಮಂದಿ ಸ್ನಾನಕ್ಕೆ ಬರುತ್ತಾರೆ. ಆಳವೂ ಸೆಳೆತವೂ ಮೇಲಿನಿಂದ ಕಾಣುವುದಿಲ್ಲ. ಮುಳುಗುತ್ತಿರುವವರನ್ನು ಕಂಡರೆ ಮಗು ನೀರಿಗೆ ಇಳಿಯಬಾರದು. ದೊಡ್ಡವರನ್ನು ಕೂಗಬೇಕು, ದಡದಲ್ಲಿ ಭದ್ರವಾಗಿ ನಿಂತು ಕೋಲು ಚಾಚಬೇಕು, ಹಗ್ಗವನ್ನೋ ತೇಲುವ ಖಾಲಿ ಕ್ಯಾನನ್ನೋ ಎಸೆಯಬೇಕು. ತನ್ನ ಶಕ್ತಿಯ ಮಿತಿಯನ್ನು ತಿಳಿದು ಸಹಾಯ ಕರೆಯುವುದೂ ನಾಯಕತ್ವವೇ ಎಂಬುದನ್ನು ಮಕ್ಕಳ ಮನಸ್ಸಿನಲ್ಲಿ ಊರಿಸಿ. ಸಾಹಸವನ್ನು ಹೊಗಳುವ ಭರದಲ್ಲಿ ಈ ಮಾತನ್ನು ಮರೆಯಬಾರದು.

9. ಮೌಲ್ಯಮಾಪನ

'ನಾಯಕತ್ವ ಗುಣ ಚೆನ್ನಾಗಿದೆ' ಎಂಬ ಷರಾದಿಂದ ಮಗುವಿಗೂ ಪೋಷಕರಿಗೂ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವ ನಡವಳಿಕೆಯನ್ನು ಬರೆಯಬೇಕು. ಪ್ರತಿ ಮಗುವಿಗೂ ಎಂಟು ವಾರಗಳಲ್ಲಿ ಎರಡು ಬಾರಿ, ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಕೆಳಗಿನ ನಾಲ್ಕು ಅಂಶಗಳನ್ನು ಗಮನಿಸಿ:

ಸಮಯಪಾಲನೆ: ಹೇಳಿದ ಮೇಲೆ ಬರುತ್ತದೆ, ತಾನಾಗಿಯೇ ಬರುತ್ತದೆ, ಇತರರನ್ನೂ ಸಿದ್ಧಗೊಳಿಸುತ್ತದೆ.
ದಾಖಲೆ: ಅರ್ಧ ಬರೆಯುತ್ತದೆ, ಪೂರ್ಣ ಬರೆಯುತ್ತದೆ, ತಪ್ಪನ್ನು ತಾನೇ ಕಂಡು ತಿದ್ದುತ್ತದೆ.
ಮಾತು: ಕೇಳಿದರೆ ಮಾತ್ರ ಹೇಳುತ್ತದೆ, ಸ್ಪಷ್ಟವಾಗಿ ಹೇಳುತ್ತದೆ, ಕಾರಣ ಕೊಟ್ಟು ಹೇಳುತ್ತದೆ.
ವಿವಾದ: ಹಿಂಜರಿಯುತ್ತದೆ ಅಥವಾ ರೇಗುತ್ತದೆ, ನಿಯಮವನ್ನು ನೆನಪಿಸುತ್ತದೆ, ಎರಡು ಕಡೆಯನ್ನೂ ಶಾಂತಗೊಳಿಸುತ್ತದೆ.

ಮಕ್ಕಳನ್ನು ಒಬ್ಬರೊಡನೊಬ್ಬರು ಹೋಲಿಸಬಾರದು. ಮೊದಲ ವಾರ ಹೇಗಿದ್ದರು, ಎಂಟನೆಯ ವಾರ ಹೇಗಿದ್ದಾರೆ ಎಂಬುದಷ್ಟೇ ಹೋಲಿಕೆಗೆ ಯೋಗ್ಯ.

10. ವೃತ್ತಿಯತ್ತ ಸೇತುವೆ

ಪ್ರತಿ ಮಗುವೂ ಒಂದು ಕೆಲಸದ ದಿನಚರಿಯನ್ನು ಇಡಲಿ. ದಿನಾಂಕ, ಹೊಣೆ, ಎದುರಾದ ತೊಡಕು, ತಾನು ಮಾಡಿದ ಕ್ರಮ ಎಂದು ನಾಲ್ಕು ಸಾಲು ಸಾಕು. 9 ಮತ್ತು 10ನೆಯ ತರಗತಿಗಳಲ್ಲಿ ಈ ದಿನಚರಿಯಿಂದ ಸ್ವಪರಿಚಯ ಪತ್ರ ಬರೆಯುವ ಅಭ್ಯಾಸ ಮಾಡಿಸಬಹುದು. 'ನನ್ನಲ್ಲಿ ನಾಯಕತ್ವ ಗುಣವಿದೆ' ಎಂದು ಬರೆದ ವಿದ್ಯಾರ್ಥಿಗೂ, 'ಆರು ತಂಡಗಳ 15 ಪಂದ್ಯಗಳ ಪಟ್ಟಿಯನ್ನು ತಯಾರಿಸಿ ಎಂಟು ವಾರಗಳಲ್ಲಿ ಮುಗಿಸಿದೆವು; ಮೂರು ಪಂದ್ಯಗಳಿಗೆ ನಾನು ತೀರ್ಪುಗಾರನಾಗಿದ್ದೆ; ಕನ್ನಡ, ತಮಿಳು ಎರಡರಲ್ಲಿಯೂ ಪ್ರಕಟಣೆ ಮಾಡಿದ್ದೇನೆ' ಎಂದು ಬರೆದ ವಿದ್ಯಾರ್ಥಿಗೂ ಇರುವ ಅಂತರವನ್ನು ಸಂದರ್ಶನ ಮಾಡುವವರು ಕೂಡಲೇ ಗುರುತಿಸುತ್ತಾರೆ.

ಕ್ರೀಡೆಯ ಸುತ್ತ ಇರುವ ವೃತ್ತಿಗಳನ್ನೂ ಪರಿಚಯಿಸಿ. ದೈಹಿಕ ಶಿಕ್ಷಕ, ತರಬೇತುದಾರ, ರೆಫರಿ, ಅಂಗಮರ್ದನ ಚಿಕಿತ್ಸಕ, ಮೈದಾನ ನಿರ್ವಾಹಕ, ಕ್ರೀಡಾ ವರದಿಗಾರ, ವೀಕ್ಷಕ ವಿವರಣೆಗಾರ ಇವೆಲ್ಲ ಆಟಗಾರನಾಗದೆಯೂ ತಲುಪಬಹುದಾದ ನೆಲೆಗಳು. ಚೆನ್ನೈ ಸಮೀಪದ ತಮಿಳುನಾಡು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಇದಕ್ಕಾಗಿಯೇ ಇವೆ.

ನಮ್ಮ ಜಿಲ್ಲೆಯ ಉದಾಹರಣೆಗಳನ್ನೂ ಈ ಕಣ್ಣಿನಿಂದ ಓದಿಸಬಹುದು. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಅವರು 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನವನ್ನು ಗೆದ್ದರು. ಬಾಲ್ಯದಲ್ಲಿ ಕಾಲಿಗೆ ಪೆಟ್ಟಾಗಿದ್ದ ಅವರ ಶಕ್ತಿಯನ್ನು ಮೊದಲು ಗುರುತಿಸಿದವರು ಶಾಲೆಯ ದೈಹಿಕ ಶಿಕ್ಷಕರು. ಮುಂದಿನ ತರಬೇತಿ ದೊರೆತದ್ದು ಬೆಂಗಳೂರಿನಲ್ಲಿ. ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಅವರು 2020ರ ಡಿಸೆಂಬರ್‌ನಲ್ಲಿ ಭಾರತ ತಂಡಕ್ಕೆ ಆಡಿದರು; 2023ರಲ್ಲಿ ತಮ್ಮ ಊರಿನಲ್ಲಿಯೇ ಒಂದು ಕ್ರಿಕೆಟ್ ಮೈದಾನವನ್ನು ತೆರೆದರು. ಗೆದ್ದವರ ಕಥೆಯನ್ನು ಮಕ್ಕಳು ಹೇಗೂ ಕೇಳಿರುತ್ತಾರೆ. ಒಬ್ಬ ಶಿಕ್ಷಕರ ನೋಟ, ಒಬ್ಬ ತರಬೇತುದಾರರ ಶ್ರಮ, ಒಂದು ಮೈದಾನದ ನಿರ್ವಹಣೆ ಇಂತಹ ಗೆಲುವಿನ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಶಿಕ್ಷಕರು ಎತ್ತಿ ತೋರಿಸಬೇಕು. ಆ ಕೈಗಳಲ್ಲಿ ಒಂದಾಗುವ ಯೋಗ್ಯತೆ ತರಗತಿಯ 36 ಮಕ್ಕಳಿಗೂ ಉಂಟು.

11. ಸಾರಾಂಶ

ಆಟವನ್ನು ಆಡುವುದರಿಂದ ಮೈ ಬಲಗೊಳ್ಳುತ್ತದೆ. ಆಟವನ್ನು ನಡೆಸುವುದರಿಂದ ವ್ಯಕ್ತಿತ್ವ ರೂಪುಗೊಳ್ಳುತ್ತದೆ. ಹೊಣೆಗಳು ಸರದಿಯಂತೆ ಎಲ್ಲರಿಗೂ ಸಿಗಬೇಕು. ಹೊಣೆಯೊಡನೆ ಅಧಿಕಾರವೂ ಸಿಗಬೇಕು. ಅಧಿಕಾರಕ್ಕೆ ಮಿತಿಯೂ ವಿಮರ್ಶೆಯೂ ಇರಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಿಲ್ಲ. ಒಂದು ಹಗ್ಗ, ಒಂದು ಸೀಟಿ, ಎರಡು ದಾಖಲೆ ಪುಸ್ತಕ, ಮತ್ತು ಮಕ್ಕಳ ತೀರ್ಪನ್ನು ಗೌರವಿಸುವ ಶಿಕ್ಷಕರ ಸಂಯಮ ಇದ್ದರೆ ಸಾಕು.

12. ಶಿಕ್ಷಕರಿಗೆ ಚಟುವಟಿಕೆಗಳು

1. ನಿಮ್ಮ ಶಾಲೆಯ ಆಟದ ಅವಧಿಯಲ್ಲಿ ನೀವೇ ಮಾಡುತ್ತಿರುವ ಕೆಲಸಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಯಾವುವನ್ನು ಮಕ್ಕಳಿಗೆ ಒಪ್ಪಿಸಬಹುದು, ಯಾವುವನ್ನು ಒಪ್ಪಿಸಬಾರದು? ಕಾರಣ ಬರೆಯಿರಿ.
2. ನಿಮ್ಮ ತರಗತಿಯಲ್ಲಿ ಕೇವಲ 20 ಮಕ್ಕಳಿದ್ದರೆ ಮೇಲಿನ ಮಾದರಿಯನ್ನು ಹೇಗೆ ಮಾರ್ಪಡಿಸುವಿರಿ? ತಂಡಗಳ ಸಂಖ್ಯೆ, ಪಂದ್ಯಗಳ ಸಂಖ್ಯೆ, ಸರದಿಗಳನ್ನು ಲೆಕ್ಕಹಾಕಿ.
3. ಏಳನೆಯ ಭಾಗದಲ್ಲಿ ವಿವರಿಸಿದ ರೆಫರಿಯ ಸನ್ನಿವೇಶವನ್ನು ಸಹ ಶಿಕ್ಷಕರೊಡನೆ ಅಭಿನಯಿಸಿ. ತೀರ್ಪನ್ನು ಬದಲಿಸಿದಾಗ ಮತ್ತು ಬದಲಿಸದಿದ್ದಾಗ ರೆಫರಿಯ ಪಾತ್ರಧಾರಿಗೆ ಹೇಗೆನಿಸಿತೆಂದು ಚರ್ಚಿಸಿ.
4. ನಿಮ್ಮ ಊರಿನ ಹಿರಿಯರಿಂದ ಐದು ಆಟಗಳ ಕನ್ನಡ ಮತ್ತು ತಮಿಳು ಹೆಸರುಗಳನ್ನು, ಆಡುವ ನಿಯಮಗಳನ್ನು ಮಕ್ಕಳ ಮೂಲಕ ಸಂಗ್ರಹಿಸಿ ಶಾಲೆಯಲ್ಲಿ ಪ್ರದರ್ಶಿಸಿ.
5. ಒಂದು ತಿಂಗಳ ಸರದಿ ಪಟ್ಟಿಯನ್ನು ಪರಿಶೀಲಿಸಿ. ಸೀಟಿ ಹಿಡಿದವರಲ್ಲಿ ಹುಡುಗಿಯರೆಷ್ಟು, ನೀರು ಹಂಚಿದವರಲ್ಲಿ ಹುಡುಗರೆಷ್ಟು ಎಂದು ಎಣಿಸಿ, ಕಂಡುಬಂದುದನ್ನು ಶಿಕ್ಷಕರ ಸಭೆಯಲ್ಲಿ ಮಂಡಿಸಿ.